ತೀವ್ರ ನಿಗಾ ಘಟಕದ ಬಾಗಿಲಲ್ಲಿ ಕರ್ಮಸಿದ್ಧಾಂತ

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳ ಹೊರಗೆ ರಾತ್ರಿ ಹತ್ತು ಗಂಟೆಯ ಮೇಲೆ ನಿಂತವರಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಮಾತು ಕಿವಿಗೆ ಬೀಳದೆ ಇರುವುದು ಅಪರೂಪ. ಹುಲಗೋಳದಂತಹ ಊರಿನಿಂದ ಬಂದ ಒಬ್ಬ ತಂದೆ ಅಲ್ಲಿ ಗೋಡೆಗೆ ಒರಗಿ ಕುಳಿತಿರುತ್ತಾನೆ. ಕೈಯಲ್ಲಿ ಸ್ಕ್ಯಾನ್ ಚಿತ್ರಗಳ ದೊಡ್ಡ ಲಕೋಟೆ, ಅಂಗಿಯ ಜೇಬಿನಲ್ಲಿ ಔಷಧದಂಗಡಿಯ ಚೀಟಿಗಳು, ಕಾಲಲ್ಲಿ ತೋಟಕ್ಕೆ ಹೋಗುವಾಗ ಮೆಟ್ಟಿಕೊಂಡಿದ್ದ ಚಪ್ಪಲಿ. ಒಳಗೆ ಅವನ ಮಗು ತಲೆಗೆ ಪೆಟ್ಟು ಬಿದ್ದು, ಕೃತಕ ಉಸಿರಾಟದ ಯಂತ್ರದ ಆಶ್ರಯದಲ್ಲಿ ಮಲಗಿದೆ. ದಿನಕ್ಕೆ ಒಂದೆರಡು ಬಾರಿ, ಕೆಲವೇ ನಿಮಿಷ, ಒಬ್ಬರಿಗೆ ಮಾತ್ರ ಪ್ರವೇಶ. ತಾಯಿ ಒಳಗೆ ಹೋಗಿ ಬಂದು, ಏನನ್ನೂ ಹೇಳಲಾರದೆ ಬೆಂಚಿನ ತುದಿಯಲ್ಲಿ ಕುಳಿತಿದ್ದಾಳೆ. ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಎದ್ದು ನಿಲ್ಲುತ್ತಾರೆ. ಬೇರೆ ಯಾರದೋ ಹೆಸರು ಕರೆದರೆ ಮತ್ತೆ ಕುಳಿತುಕೊಳ್ಳುತ್ತಾರೆ.

ಇಂತಹ ಹೊತ್ತಿನಲ್ಲಿ ನೆಂಟರೂ ಊರವರೂ ಪರಿಚಯದ ಶ್ರಾವಕರೂ ನೋಡಲು ಬರುತ್ತಾರೆ. ಬಂದವರು ಸದ್ಭಾವನೆಯಿಂದಲೇ ಬಂದವರು. ಆದರೆ ಹೇಳುವ ಮಾತು ಸಾಮಾನ್ಯವಾಗಿ ಮೂರು. ಮೊದಲನೆಯದು, “ಯಾರೇನು ಮಾಡಲಿಕ್ಕಾಗುತ್ತದೆ, ಎಲ್ಲ ಪೂರ್ವಕರ್ಮ.” ಸ್ವಲ್ಪ ಶಾಸ್ತ್ರ ಓದಿದವರಾದರೆ ಎರಡನೆಯದು, “ಹೀಗೆ ಅಳುತ್ತ ಕುಳಿತರೆ ಆರ್ತಧ್ಯಾನವಾಗುತ್ತದೆ ತಂಗಿ, ಹೊಸ ಕರ್ಮ ಕಟ್ಟಿಕೊಳ್ಳುತ್ತೀಯೆ.” ಖರ್ಚಿನ ಲೆಕ್ಕ ಬಲ್ಲವರದು ಮೂರನೆಯದು, “ಯಂತ್ರದ ಮೇಲೆ ಎಷ್ಟು ದಿನ ಇಟ್ಟಾರು? ಮನೆಗೆ ಕರೆದುಕೊಂಡು ಹೋಗಿ ಶಾಂತಿಯಿಂದ ಬಿಟ್ಟುಕೊಡುವುದು ಮೇಲು.”

ಈ ಮೂರು ಮಾತುಗಳೂ ಧರ್ಮದ ಹೆಸರಿನಲ್ಲಿ ಆಡಲ್ಪಡುತ್ತವೆ. ಮೂರಕ್ಕೂ ಜಿನಾಗಮದ ಆಧಾರವಿಲ್ಲ. ಅಷ್ಟೇ ಆಗಿದ್ದರೆ ಅಜ್ಞಾನವೆಂದು ಕ್ಷಮಿಸಬಹುದಿತ್ತು. ಆದರೆ ಈ ಮಾತುಗಳ ಮರೆಯಲ್ಲಿ ಸಮಾಜವು ತನ್ನ ಕರ್ತವ್ಯದಿಂದ ಜಾರಿಕೊಳ್ಳುತ್ತಿದೆ. ಆದಕಾರಣ ಒಂದೊಂದನ್ನೂ ಪರೀಕ್ಷಿಸಿ ನೋಡುವುದು ಅವಶ್ಯವಾಗಿದೆ.

ಮೊದಲು ಪೂರ್ವಕರ್ಮದ ಮಾತು. ಅಸಾತಾವೇದನೀಯದ ಉದಯದಿಂದ ಜೀವಕ್ಕೆ ದುಃಖಾನುಭವವಾಗುತ್ತದೆ ಎಂಬುದರಲ್ಲಿ ಯಾವ ಜೈನನಿಗೂ ಸಂಶಯವಿಲ್ಲ. ಆದರೆ ಕರ್ಮಸಿದ್ಧಾಂತ ಅಲ್ಲಿಗೇ ಮುಗಿಯುವುದಿಲ್ಲ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದ ಕರ್ಮಕಾಂಡದಲ್ಲಿ ಕರ್ಮದ ಹತ್ತು ಕರಣಗಳನ್ನು ವಿವರಿಸಿದ್ದಾರೆ. ಬಂಧ, ಸತ್ತ್ವ, ಉದಯಗಳ ಜೊತೆಗೆ ಉದೀರಣೆ, ಉತ್ಕರ್ಷಣ, ಅಪಕರ್ಷಣ, ಸಂಕ್ರಮಣ, ಉಪಶಮಗಳೂ ಅಲ್ಲಿವೆ. ಎಂದರೆ ಕಟ್ಟಿದ ಕರ್ಮದ ಸ್ಥಿತಿ ಕುಗ್ಗಬಹುದು, ಹಿಗ್ಗಬಹುದು, ಒಂದು ಪ್ರಕೃತಿ ತನ್ನ ಸಜಾತಿಯ ಮತ್ತೊಂದು ಪ್ರಕೃತಿಯಾಗಿ ಬದಲಾಗಬಹುದು, ಅಸಾತವು ಸಾತವಾಗಬಹುದು. ಯಾವ ಬದಲಾವಣೆಗೂ ಒಳಪಡದೆ ಫಲ ಕೊಟ್ಟೇ ತೀರುವ ಕರ್ಮಕ್ಕೆ ನಿಕಾಚಿತವೆಂದು ಹೆಸರು. ಆಸ್ಪತ್ರೆಯ ಮಂಚದ ಮೇಲಿರುವ ಮಗುವಿನದು ನಿಕಾಚಿತವೋ ಅಲ್ಲವೋ ಎಂಬುದನ್ನು ಪ್ರತ್ಯಕ್ಷ ಬಲ್ಲವರು ಕೇವಲಿಗಳು ಮಾತ್ರ. ಪಂಚಮಕಾಲದಲ್ಲಿ, ಹಣ್ಣಿನ ಪೊಟ್ಟಣ ಹಿಡಿದು ಬಂದ ನೆಂಟನೊಬ್ಬ ಅದನ್ನು ನಿರ್ಣಯಿಸಿ ಹೇಳುವುದಾದರೆ ಅವನು ತನಗಿಲ್ಲದ ಕೇವಲಜ್ಞಾನವನ್ನು ತಾನೇ ಆರೋಪಿಸಿಕೊಂಡಂತೆ. ಇದು ವಿನಯವಂತೂ ಅಲ್ಲ.

ಈ ವಿಷಯದಲ್ಲಿ ಶಿರಸಿ ಸೀಮೆಯ ಜೈನರು ಮರೆಯಬಾರದ ಹೆಸರೊಂದಿದೆ. ಸೋಂದೆಯ ಸ್ವಾದಿ ದಿಗಂಬರ ಜೈನ ಮಠದ ಪೀಠಾಧೀಶರು ಪರಂಪರೆಯಿಂದ ಧರಿಸುತ್ತ ಬಂದಿರುವ ಹೆಸರು ಭಟ್ಟಾಕಲಂಕ. ಆ ಹೆಸರಿನ ಆದಿಪುರುಷರು ಎಂಟನೆಯ ಶತಮಾನದ ಮಹಾತಾರ್ಕಿಕರಾದ ಅಕಲಂಕದೇವರು. ದೇವ, ನಾರಕಿ ಮೊದಲಾದ ಕೆಲವರನ್ನು ಬಿಟ್ಟು ಉಳಿದವರ ಆಯುಷ್ಯವು ಬಾಹ್ಯ ಕಾರಣಗಳಿಂದ ಮೊಟಕಾಗಬಹುದು ಎಂಬ ತಾತ್ಪರ್ಯ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕೊನೆಯಲ್ಲಿ ಬರುತ್ತದೆ. ಅದಕ್ಕೆ ರಾಜವಾರ್ತಿಕದಲ್ಲಿ ಭಾಷ್ಯ ಬರೆಯುತ್ತ ಅಕಲಂಕರು ವೈದ್ಯಶಾಸ್ತ್ರವನ್ನೇ ಸಾಕ್ಷಿಯಾಗಿ ಕರೆಯುತ್ತಾರೆ. ಅಕಾಲಮರಣವೆಂಬುದು ಇಲ್ಲವೆಂದಾದರೆ ಅದನ್ನು ತಪ್ಪಿಸಲೆಂದು ಹುಟ್ಟಿದ ಆಯುರ್ವೇದವೇ ವ್ಯರ್ಥವಾಗಬೇಕಾಗುತ್ತದೆ ಎಂಬುದು ಅವರ ವಾದದ ಸಾರ. ಪೆಟ್ಟು ಬಾಹ್ಯ ನಿಮಿತ್ತವಾದರೆ ಚಿಕಿತ್ಸೆಯೂ ಬಾಹ್ಯ ನಿಮಿತ್ತವೇ. ಪೆಟ್ಟಿನಲ್ಲಿ ಮಾತ್ರ ಕರ್ಮವನ್ನು ಕಂಡು, ಚಿಕಿತ್ಸೆ ದೊರಕುವುದರಲ್ಲಿ ಮಾತ್ರ ಕರ್ಮವನ್ನು ಕಾಣದಿರುವುದು ಅರ್ಧ ಸಿದ್ಧಾಂತ.

ಕರ್ಮದ ಉದಯಕ್ಕೆ ದ್ರವ್ಯ, ಕ್ಷೇತ್ರ, ಕಾಲ, ಭಾವಗಳು ನಿಮಿತ್ತವೆಂದು ಶಾಸ್ತ್ರ ಹೇಳುತ್ತದೆ. ಹಾಗಾದರೆ ಹುಲಗೋಳದ ಮಗುವಿನ ಕ್ಷೇತ್ರ ಯಾವುದು, ಕಾಲ ಯಾವುದು ಎಂಬುದನ್ನೂ ಪರಿಶೀಲಿಸಬೇಕು. ಉತ್ತರ ಕನ್ನಡ ಜಿಲ್ಲೆಯ ವಿಸ್ತೀರ್ಣ 10,291 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನಸಂಖ್ಯೆ 14 ಲಕ್ಷದ 37 ಸಾವಿರ. ಕಾಡು, ಕಣಿವೆ, ಘಟ್ಟಗಳ ನಡುವೆ ಮನೆಗಳು ಒಂದೊಂದಾಗಿ ಚದುರಿವೆ. ಶಿರಸಿಯಲ್ಲಿ ಸರ್ಕಾರದ ಪಂಡಿತ್ ಸಾರ್ವಜನಿಕ ಆಸ್ಪತ್ರೆಯಿದೆ. ಕಾರವಾರದಲ್ಲಿ 2016ರಿಂದ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಆದರೆ ತಲೆಯೊಳಗಿನ ರಕ್ತಸ್ರಾವಕ್ಕೆ ಶಸ್ತ್ರಚಿಕಿತ್ಸೆ, ಮಕ್ಕಳ ತೀವ್ರ ನಿಗಾ ಎಂಬ ಮಾತು ಬಂದೊಡನೆ ಘಟ್ಟದ ಮೇಲಿನ ಜನ ಜಿಲ್ಲೆಯ ಗಡಿ ದಾಟಿಯೇ ಯೋಚಿಸುತ್ತಾರೆ. ಒಂದು ದಾರಿ ಸುಮಾರು 100 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ. ಅಲ್ಲಿ 1957ರಲ್ಲಿ ಸ್ಥಾಪಿತವಾದ, ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಇನ್ನೊಂದು ದಾರಿ ದೇವಿಮನೆ ಘಟ್ಟ ಇಳಿದು ಕುಮಟೆಯ ಮೂಲಕ ಮಣಿಪಾಲಕ್ಕೆ, ಅಲ್ಲಿ ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಟ್ಟಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿದೆ. ಅದು ಹುಬ್ಬಳ್ಳಿಗಿಂತಲೂ ಬಹಳ ದೂರ.

ಆ ದಾರಿಯೂ ನಿರಪಾಯವಲ್ಲ. 2022ರ ಜುಲೈ 20ರಂದು ಹೊನ್ನಾವರದ ಕಡೆಯಿಂದ ರೋಗಿಯನ್ನು ಹೊತ್ತು ಹೊರಟಿದ್ದ ಆಂಬುಲೆನ್ಸ್ ಉಡುಪಿ ಜಿಲ್ಲೆಯ ಶಿರೂರು ಟೋಲ್ ಬಳಿ ಉರುಳಿ, ರೋಗಿಯೂ ಸೇರಿ ನಾಲ್ವರು ಪ್ರಾಣ ಕಳೆದುಕೊಂಡರು. ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲಿಯೇ ಎದ್ದಿದ್ದ ಜನರ ಕೂಗು ಆಗ ಮತ್ತೊಮ್ಮೆ ಗಟ್ಟಿಯಾಗಿ ಕೇಳಿಸಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಇನ್ನೊಂದು ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು, ಕರಾವಳಿಯ ಹೆದ್ದಾರಿ ಮುಚ್ಚಿತು. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟೆಯ ಸಂತೆಗೆ ಹೊರಟಿದ್ದ ಹಣ್ಣು-ತರಕಾರಿ ವ್ಯಾಪಾರಿಗಳ ಲಾರಿ ಯಲ್ಲಾಪುರ ತಾಲ್ಲೂಕಿನ ಘಟ್ಟದಲ್ಲಿ ಉರುಳಿ ಕನಿಷ್ಠ ಹತ್ತು ಮಂದಿ ತೀರಿಕೊಂಡರು. ಗಾಯಾಳುಗಳನ್ನು ಹುಬ್ಬಳ್ಳಿಗೇ ಕೊಂಡೊಯ್ಯಬೇಕಾಯಿತು.

ತಲೆಯ ಪೆಟ್ಟಿನ ಬಗ್ಗೆ ವೈದ್ಯರು ಹೇಳುವ ಒಂದು ಸಂಗತಿ ಇಲ್ಲಿ ಗಮನಾರ್ಹ. ಬಿದ್ದ ಕ್ಷಣದಲ್ಲಿ ಮಿದುಳಿಗೆ ಆದ ಹಾನಿಯನ್ನು ಯಾರೂ ಹಿಂದಕ್ಕೆ ತಿರುಗಿಸಲಾರರು. ಆದರೆ ಅನಂತರದ ಗಂಟೆಗಳಲ್ಲಿ ಉಸಿರು ಸಾಲದೆ, ರಕ್ತದೊತ್ತಡ ಇಳಿದು, ಮಿದುಳು ಬಾತುಕೊಂಡು ಆಗುವ ಎರಡನೆಯ ಹಾನಿಯನ್ನು ಬಹುಮಟ್ಟಿಗೆ ತಡೆಯಬಹುದು. ಆ ತಡೆಯುವ ಕೆಲಸ ಬೇಗ ಆರಂಭವಾಗಬೇಕು. ಹುಲಗೋಳದಿಂದ ಶಿರಸಿಗೆ, ಶಿರಸಿಯಿಂದ ಹುಬ್ಬಳ್ಳಿಗೆ ವಾಹನ ಓಡುವಷ್ಟು ಹೊತ್ತೂ ನಡೆಯುತ್ತಿರುವುದು ಈ ಎರಡನೆಯ ಹಾನಿಯೇ. ಅದಕ್ಕೆ ಪೂರ್ವಜನ್ಮದ ಖಾತೆಯನ್ನು ಹುಡುಕಬೇಕಾಗಿಲ್ಲ. ರಸ್ತೆ, ಆಂಬುಲೆನ್ಸ್, ಪ್ರಥಮೋಪಚಾರ ಬಲ್ಲ ಜನ, ಆಸ್ಪತ್ರೆ ಎಂಬ ಈ ಜನ್ಮದ ಖಾತೆಯಲ್ಲಿಯೇ ಬಾಕಿ ಕಾಣಿಸುತ್ತದೆ. ಈ ಬಾಕಿಯನ್ನು ಮಗುವಿನ ಹೆಸರಿಗೆ ಬರೆದು ಸಮಾಜವೂ ಸರ್ಕಾರವೂ ಕೈತೊಳೆದುಕೊಳ್ಳುವುದು ಸುಳ್ಳು ಲೆಕ್ಕ.

ಇನ್ನು ಆರ್ತಧ್ಯಾನದ ಮಾತು. ಇಷ್ಟವಿಯೋಗ, ಅನಿಷ್ಟಸಂಯೋಗ, ವೇದನೆ, ನಿದಾನ ಎಂದು ಆರ್ತಧ್ಯಾನ ನಾಲ್ಕು ಬಗೆ. ಮಗುವಿನ ವಿಯೋಗದ ಭಯದಿಂದ ಕಂಪಿಸುವ ತಾಯಿಯ ಮನಸ್ಸಿನಲ್ಲಿ ಅದು ಇದೆ, ನಿಜ. ಆದರೆ ಅದೇ ತತ್ತ್ವಾರ್ಥಸೂತ್ರವು ಈ ಧ್ಯಾನವು ಅವಿರತರಿಗೆ, ದೇಶವಿರತರಿಗೆ, ಪ್ರಮತ್ತಸಂಯತರಿಗೂ ಸಂಭವಿಸುತ್ತದೆ ಎನ್ನುತ್ತದೆ. ನಿದಾನವೊಂದನ್ನು ಬಿಟ್ಟು ಉಳಿದ ಮೂರೂ ಆರನೆಯ ಗುಣಸ್ಥಾನದ ಮುನಿಗೂ ಬರಬಹುದಾದವು. ಮನೆಮಠ ಬಿಟ್ಟು, ವಸ್ತ್ರವನ್ನೂ ತೊರೆದ ಮುನಿಗೆ ಇರಬಹುದಾದ ದೌರ್ಬಲ್ಯವನ್ನು ಮೂರು ರಾತ್ರಿ ನಿದ್ದೆಯಿಲ್ಲದ ಗೃಹಿಣಿಯಲ್ಲಿ ಕಂಡು ಎಚ್ಚರಿಸುವವರು ಯಾವ ಗುಣಸ್ಥಾನದಲ್ಲಿ ನಿಂತು ಎಚ್ಚರಿಸುತ್ತಾರೆ?

ಶ್ವೇತಾಂಬರ ಪರಂಪರೆಯ ಕಲ್ಪಸೂತ್ರದಲ್ಲಿ ಒಂದು ಪ್ರಸಂಗವಿದೆ. ದಿಗಂಬರ ಆಮ್ನಾಯದಲ್ಲಿ ಅದು ಇಲ್ಲವಾದರೂ ಅದರ ನೀತಿ ಎರಡೂ ಪಂಥದವರಿಗೆ ಗ್ರಾಹ್ಯ. ಗರ್ಭಸ್ಥನಾದ ವರ್ಧಮಾನನು ತಾಯಿಗೆ ನೋವಾಗದಿರಲೆಂದು ಅಲುಗಾಡದೆ ಇದ್ದನಂತೆ. ಶಿಶುವಿಗೆ ಏನೋ ಆಯಿತೆಂದು ತ್ರಿಶಲಾದೇವಿ ಶೋಕಿಸಿದಳು. ಅದನ್ನರಿತ ಆತನು ಕೂಡಲೇ ಅಲುಗಾಡಿ ತಾಯಿಯನ್ನು ಸಂತೈಸಿದ. ಅಲ್ಲದೆ ತಂದೆತಾಯಿ ಜೀವಿಸಿರುವವರೆಗೆ ದೀಕ್ಷೆ ತೊಡುವುದಿಲ್ಲವೆಂದೂ ನಿಶ್ಚಯಿಸಿದ. ತೀರ್ಥಂಕರನಾಗಲಿದ್ದ ಜೀವವು ತಾಯಿಯ ಶೋಕವನ್ನು ಕಂಡು ಉಪದೇಶ ಮಾಡಲಿಲ್ಲ, ಶೋಕದ ಕಾರಣವನ್ನು ನಿವಾರಿಸಿತು. ಆಸ್ಪತ್ರೆಗೆ ಹೋಗುವ ಶ್ರಾವಕನಿಗೆ ಇದಕ್ಕಿಂತ ಸ್ಪಷ್ಟವಾದ ಮೇಲ್ಪಂಕ್ತಿ ಬೇಕಿಲ್ಲ.

ನಿಜವಾಗಿ ನೋಡಿದರೆ ಆ ತಾಯಿತಂದೆಯರು ಅಲ್ಲಿ ಮಾಡುತ್ತಿರುವುದೇ ತಪಸ್ಸು. ಅಂತರಂಗ ತಪಸ್ಸು ಆರು. ಪ್ರಾಯಶ್ಚಿತ್ತ ಮತ್ತು ವಿನಯದ ಅನಂತರ ಮೂರನೆಯದಾಗಿ ವೈಯಾವೃತ್ಯವನ್ನು ಹೇಳಲಾಗಿದೆ. ಸ್ವಾಧ್ಯಾಯವೂ ಧ್ಯಾನವೂ ಅದರ ಅನಂತರ ಬರುತ್ತವೆ. ಶಾಸ್ತ್ರದಲ್ಲಿ ವೈಯಾವೃತ್ಯದ ಪಾತ್ರರು ಮುಖ್ಯವಾಗಿ ಆಚಾರ್ಯ, ತಪಸ್ವಿ, ರೋಗಿ ಮೊದಲಾದ ಸಂಯಮಿಗಳು ಎಂಬುದು ಸರಿ. ಆದರೆ ರೋಗಿಯ ಸೇವೆಯಲ್ಲಿ ಬೇಕಾದ ಭಾವ ಒಂದೇ. ನಿರ್ವಿಚಿಕಿತ್ಸೆಯ ಅಂಗಕ್ಕೆ ದೃಷ್ಟಾಂತನಾದ ಉದ್ದಾಯನ ಮಹಾರಾಜನ ಕಥೆಯನ್ನು ಕೇಳದ ಶ್ರಾವಕ ಕುಟುಂಬವಿಲ್ಲ. ರೋಗಿಷ್ಠ ಮುನಿಯ ರೂಪದಲ್ಲಿ ಬಂದವನು ವಾಂತಿ ಮಾಡಿಕೊಂಡರೂ ಹೇಸದೆ ರಾಜನೇ ಕೈಯಾರೆ ತೊಳೆದ. ಆ ಕಥೆಯನ್ನು ಪ್ರವಚನದಲ್ಲಿ ಕೇಳಿ ಕಣ್ಣೀರು ಹಾಕುವವರು, ವಾರ್ಡಿನ ವಾಸನೆ ತಡೆಯಲಾರದೆ ಐದು ನಿಮಿಷದಲ್ಲಿ ಹೊರಬೀಳುವುದೂ ಉಂಟು.

ತೀವ್ರ ನಿಗಾ ಘಟಕವೆಂಬ ವ್ಯವಸ್ಥೆಯೇ ಮಗುವೊಂದರ ಮಂಚದ ಪಕ್ಕದಲ್ಲಿ ಕುಳಿತವರಿಂದ ಹುಟ್ಟಿತು ಎಂಬುದನ್ನು ಇಲ್ಲಿ ನೆನೆಯಬಹುದು. 1952ರಲ್ಲಿ ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿತು. ಉಸಿರಾಟದ ಸ್ನಾಯುಗಳು ಸೋತ ಮಕ್ಕಳು ಸಾಲುಸಾಲಾಗಿ ಬಂದರು, ಯಂತ್ರಗಳು ಸಾಲಲಿಲ್ಲ. ಆಗಸ್ಟ್ 27ರಂದು ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ಹನ್ನೆರಡು ವರ್ಷದ ಹುಡುಗಿಯೊಬ್ಬಳ ಶ್ವಾಸನಾಳಕ್ಕೆ ನಳಿಕೆ ಇರಿಸಿ, ರಬ್ಬರಿನ ಚೀಲವನ್ನು ಕೈಯಿಂದ ಒತ್ತುತ್ತ ಉಸಿರು ಕೊಟ್ಟರು. ಹುಡುಗಿ ಬದುಕಿದಳು. ಮುಂದಿನ ತಿಂಗಳುಗಳಲ್ಲಿ ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ, ಹಗಲುರಾತ್ರಿ ರೋಗಿಗಳ ತಲೆದೆಸೆಯಲ್ಲಿ ಕುಳಿತು ಚೀಲ ಒತ್ತಿದರು. ಸಾಯುವವರ ಪ್ರಮಾಣ ಬಹಳಷ್ಟು ಇಳಿಯಿತು. 1953ರಲ್ಲಿ ಇಬ್ಸೆನ್ ಅವರು ಸ್ಥಾಪಿಸಿದ ಘಟಕವೇ ಇಂದಿನ ತೀವ್ರ ನಿಗಾ ಘಟಕಗಳಿಗೆ ಮೊದಲು. ಆ ವಿದ್ಯಾರ್ಥಿಗಳಿಗೆ ವೈಯಾವೃತ್ಯವೆಂಬ ಶಬ್ದ ತಿಳಿದಿರಲಿಲ್ಲ. ಶಬ್ದ ತಿಳಿದವರು ಪಾಳಿಯ ಮೇಲೆ ಒಂದು ರಾತ್ರಿಯಾದರೂ ಆ ತಂದೆಯ ಬದಲು ಕುಳಿತು, ಅವನನ್ನು ಮಲಗಲು ಕಳುಹಿಸಿದ್ದಾರೆಯೇ?

ತಾಯಿತಂದೆಯರು ಮಗುವಿನ ಬಳಿ ಇರುವುದರಿಂದ ಮಗುವಿಗೆ ಹಿತವೇ ಹೊರತು ಕೇಡಲ್ಲ ಎಂಬುದನ್ನು ವೈದ್ಯಲೋಕವೂ ನಿಧಾನವಾಗಿ ಒಪ್ಪಿದೆ. ಇಂಗ್ಲೆಂಡಿನಲ್ಲಿ 1950ರ ದಶಕದವರೆಗೆ ಅನೇಕ ಆಸ್ಪತ್ರೆಗಳು ತಾಯಂದಿರನ್ನು ಮಕ್ಕಳಿಂದ ದಿನಗಟ್ಟಲೆ ದೂರವಿಡುತ್ತಿದ್ದವು. ಜೇಮ್ಸ್ ರಾಬರ್ಟ್‌ಸನ್ ಎಂಬವರು ಒಂಟಿಯಾಗಿ ಉಳಿದ ಎರಡು ವರ್ಷದ ಮಗುವಿನ ಸಂಕಟವನ್ನು 1952ರಲ್ಲಿ ಚಲನಚಿತ್ರವಾಗಿ ತೋರಿಸಿದರು. 1959ರ ಪ್ಲಾಟ್ ಸಮಿತಿಯ ವರದಿ ತಾಯಿತಂದೆಯರಿಗೆ ಬಾಗಿಲು ತೆರೆಯಬೇಕೆಂದು ಶಿಫಾರಸು ಮಾಡಿತು. ಸೋಂಕಿನ ಭಯದಿಂದ ನಿರ್ಬಂಧ ಬೇಕಾಗುವುದು ಸಹಜ. ಆದರೆ ಮಗು ಹೇಗಿದೆ ಎಂದು ದಿನಕ್ಕೊಮ್ಮೆ ಕುಳ್ಳಿರಿಸಿಕೊಂಡು, ತಿಳಿಯುವ ಕನ್ನಡದಲ್ಲಿ ಹೇಳುವುದಕ್ಕೆ ಯಾವ ಸೋಂಕಿನ ಅಡ್ಡಿಯೂ ಇಲ್ಲ. ಪ್ರಜ್ಞೆಯ ಮಟ್ಟವನ್ನು ಅಳೆಯಲು 1974ರಲ್ಲಿ ಗ್ಲಾಸ್ಗೋ ನಗರದ ವೈದ್ಯರು ರೂಪಿಸಿದ ಮಾಪನವೊಂದಿದೆ. ಮೂರರಿಂದ ಹದಿನೈದರವರೆಗೆ ಅಂಕ. ಓದು ಕಡಮೆಯಿರುವ ತಂದೆಯೂ ಮೂರು ದಿನದಲ್ಲಿ ಅದನ್ನು ಕಲಿತು, ನಿನ್ನೆ ಆರು, ಇಂದು ಏಳು ಎಂದು ಬೆರಳು ಮಡಿಸುತ್ತಾನೆ. ಅವನಿಗೆ ಬೇಕಾದದ್ದು ಆ ಒಂದು ಅಂಕದ ಸುದ್ದಿ.

ಕಾಯುವವರೂ ಕೆಲವು ನಿಯಮಗಳನ್ನು ಪಾಲಿಸಬೇಕು. ಒಳಗೆ ಹೋಗುವ ಮೊದಲು ಕೈ ತೊಳೆಯುವುದು ಅಲ್ಲಿ ಅಹಿಂಸಾವ್ರತದ ಭಾಗವೇ. ಭಕ್ತಿಯಿಂದ ತಂದ ಗಂಧೋದಕವನ್ನು ತಾಯಿ ತನ್ನ ಹಣೆಗೆ ಹಚ್ಚಿಕೊಳ್ಳಲಿ; ಮಗುವಿನ ಗಾಯಕ್ಕೆ ಸೋಕಿಸಬಾರದು, ನಳಿಕೆಯಿರುವ ಬಾಯಿಗೆ ಹನಿಯನ್ನೂ ಹಾಕಬಾರದು. ಣಮೋಕಾರ ಮಂತ್ರವನ್ನು ಕಿವಿಯ ಬಳಿ ಮೆಲ್ಲಗೆ ಹೇಳಲು ಯಾವ ವೈದ್ಯರೂ ಬೇಡವೆನ್ನಲಾರರು. ಔಷಧದ ಬಲದಿಂದ ನಿದ್ದೆಯಲ್ಲಿರುವ ಮಗುವಿಗೆ ತಾಯಿಯ ದನಿ ಕೇಳಿಸುತ್ತಿರಲೂಬಹುದು.

ಮೂರನೆಯದು, ಮನೆಗೆ ಕರೆದೊಯ್ಯುವ ಮಾತು. ಇದನ್ನು ಆಡುವವರು ಕೆಲವೊಮ್ಮೆ ಸಲ್ಲೇಖನದ ಹೆಸರನ್ನೂ ಎಳೆದು ತರುತ್ತಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಉಪಸರ್ಗ, ದುರ್ಭಿಕ್ಷ, ಜರೆ, ರೋಗಗಳು ಪ್ರತೀಕಾರವಿಲ್ಲದಂತಹವಾದಾಗ ಮಾತ್ರ ಸಲ್ಲೇಖನವನ್ನು ವಿಧಿಸಿದ್ದಾರೆ. ಪ್ರತೀಕಾರವಿದೆಯೋ ಇಲ್ಲವೋ ಎಂಬುದನ್ನು ಹೇಳಬೇಕಾದವರು ಚಿಕಿತ್ಸೆ ಮಾಡುವ ವೈದ್ಯರು; ಬಿಲ್ಲು ನೋಡಿ ಬೆಚ್ಚಿದ ಚಿಕ್ಕಪ್ಪನಲ್ಲ. ಅದಲ್ಲದೆ ಸಲ್ಲೇಖನವು ವಿವೇಕವುಳ್ಳವನು ತಾನೇ ಬುದ್ಧಿಪೂರ್ವಕ ಸ್ವೀಕರಿಸುವ ವ್ರತ. ಎಂಟು ವರ್ಷ ತುಂಬದ ಮಗುವಿಗೆ ವ್ರತಗ್ರಹಣವೇ ಇಲ್ಲ. ಪ್ರಜ್ಞೆಯಿಲ್ಲದವನ ಪರವಾಗಿ ಇನ್ನೊಬ್ಬರು ವ್ರತ ಹಿಡಿಯಲೂ ಬಾರದು. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯ ಸಂಥಾರವನ್ನು ಆತ್ಮಹತ್ಯೆಗೆ ಸಮನೆಂದಾಗ ದೇಶದ ಜೈನರೆಲ್ಲ ಬೀದಿಗಿಳಿದು, ಇದು ಜೀವತ್ಯಾಗವಲ್ಲ, ಸಮಾಧಿಸಾಧನೆ ಎಂದು ಸಾರಿದರು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಅಂದು ಹಾಗೆ ಸಾರಿದವರ ಮನೆಯಲ್ಲಿಯೇ, ಹಣದ ಅಂಜಿಕೆಗೆ ಸಲ್ಲೇಖನದ ಅಂಗಿ ತೊಡಿಸುವುದು ಆ ಪವಿತ್ರ ವ್ರತಕ್ಕೆ ಮಾಡುವ ಅಪಚಾರ. ಇನ್ನು ಮಾಡುವುದೇನೂ ಉಳಿದಿಲ್ಲವೆಂದು ವೈದ್ಯರು ನಿಜವಾಗಿಯೂ ಹೇಳುವ ಗಳಿಗೆಯೂ ಬರಬಹುದು. ಆಗ ತಾಯಿತಂದೆಯರು ತೆಗೆದುಕೊಳ್ಳುವ ನಿರ್ಧಾರದ ಬಗ್ಗೆ ಯಾರೂ ಟೀಕೆ ಮಾಡಕೂಡದು.

ಇಷ್ಟು ಹೇಳಿದ ಮೇಲೆ, ಆ ಬಾಗಿಲಲ್ಲಿ ಹೇಳಬಾರದ, ಆದರೆ ಮನೆಯಲ್ಲಿಯೂ ಪ್ರವಚನದಲ್ಲಿಯೂ ಹೇಳಲೇಬೇಕಾದ ಒಂದು ಮಾತಿದೆ. ಜೈನಶಾಸ್ತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಕೊಲ್ಲುವ ಇಚ್ಛೆಯನ್ನು ಮಾತ್ರ ಹೇಳಲಿಲ್ಲ. ಪ್ರಮಾದದಿಂದ, ಅಜಾಗ್ರತೆಯಿಂದ ಪ್ರಾಣಕ್ಕೆ ಒದಗುವ ಹಾನಿಯೇ ಹಿಂಸೆ ಎಂದಿತು. ಮುನಿಗಳಿಗೆ ಈರ್ಯಾಸಮಿತಿಯನ್ನು ವಿಧಿಸಿ, ನಾಲ್ಕು ಮೊಳ ನೆಲ ನೋಡಿ ಹೆಜ್ಜೆಯಿಡಿ ಎಂದಿತು. ನೀರು ಸೋಸಿ ಕುಡಿಯುವ, ಇರುವೆ ಕಂಡರೆ ಸರಿದು ನಡೆಯುವ ಶ್ರಾವಕನು ಬೆಳಿಗ್ಗೆ ಮಗುವನ್ನು ಶಾಲೆಗೆ ಬಿಡಲು ಹೊರಟಾಗ ಸ್ಕೂಟರಿನ ಮುಂದೆ ಬರಿದಲೆಯಲ್ಲಿ ನಿಲ್ಲಿಸಿಕೊಂಡು, ಒಂದು ಕೈಯಲ್ಲಿ ಮೊಬೈಲು ಹಿಡಿದು, ತಿರುವಿನಲ್ಲಿ ಎದುರಿನ ಬಸ್ಸನ್ನು ದಾಟುತ್ತಾನೆ. ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬ ಸವಾರನಿಗೂ ಹೆಲ್ಮೆಟ್ ಕಡ್ಡಾಯವೆಂದು ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿ ಹೇಳಿದೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಮಕ್ಕಳ ಹೆಲ್ಮೆಟ್ಟೂ ಸವಾರನಿಗೆ ಬಿಗಿಯುವ ಪಟ್ಟಿಯೂ ಬೇಕೆಂಬ ನಿಯಮ 2023ರ ಫೆಬ್ರುವರಿ 15ರಿಂದ ಜಾರಿಯಲ್ಲಿದೆ. ಅಡಿಕೆ ಬೇಯಿಸುವ ಹಂಡೆಯ ಸುತ್ತ ಆಡುವ ಮಕ್ಕಳು, ವಿದ್ಯುತ್ ತಂತಿಯ ಕೆಳಗೆ ಎತ್ತುವ ಲೋಹದ ದೋಟಿ, ಮಳೆಗಾಲದಲ್ಲಿ ಜಾರುವ ಕಾಲುಸಂಕ, ಇವೆಲ್ಲವೂ ಈರ್ಯಾಸಮಿತಿಯ ವಿಷಯಗಳೇ. ಪಾಠಶಾಲೆಯಲ್ಲಿ ಸಮಿತಿಗಳ ಹೆಸರನ್ನು ಬಾಯಿಪಾಠ ಮಾಡಿಸುವ ಗುರುಗಳು ಒಂದು ದಿನ ಮಕ್ಕಳ ತಲೆಗೆ ಹೆಲ್ಮೆಟ್ ತೊಡಿಸಿ ಪಟ್ಟಿ ಬಿಗಿಯುವುದನ್ನೂ ಕಲಿಸಲಿ.

ಇನ್ನು ಬಸದಿಗಳ ಟ್ರಸ್ಟುಗಳ ಕಡೆಗೆ. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನವನ್ನು ಕರ್ನಾಟಕದ ಜೈನ ಶಾಸನಗಳು ಮತ್ತೆ ಮತ್ತೆ ಹೆಸರಿಸುತ್ತವೆ. ಔಷಧದಾನವು ಕೇವಲ ಶಾಸನದ ಅಲಂಕಾರವಾಗಿರಲಿಲ್ಲ. ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿದ ಉಗ್ರಾದಿತ್ಯರು ಜೈನ ಮುನಿಗಳು. ಕನ್ನಡದಲ್ಲಿ ವಿಷಚಿಕಿತ್ಸೆಯ ಖಗೇಂದ್ರಮಣಿದರ್ಪಣವನ್ನು ಬರೆದ ಹದಿನಾಲ್ಕನೆಯ ಶತಮಾನದ ಮಂಗರಾಜನೂ ಜೈನನೇ. ದೆಹಲಿಯ ಲಾಲ್ ಮಂದಿರದ ಆವರಣದಲ್ಲಿ ಹಕ್ಕಿಗಳಿಗೆಂದೇ ಆಸ್ಪತ್ರೆ ಕಟ್ಟಿದ ಸಮಾಜವಿದು. ಧರ್ಮಸ್ಥಳದ ಧರ್ಮಾಧಿಕಾರಿಗಳಾದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದ ಸಂಸ್ಥೆ 2003ರಲ್ಲಿ ಧಾರವಾಡದ ಸತ್ತೂರಿನಲ್ಲಿ ವೈದ್ಯಕೀಯ ಕಾಲೇಜನ್ನೂ ಆಸ್ಪತ್ರೆಯನ್ನೂ ತೆರೆಯಿತು. ಮೇಲ್ಪಂಕ್ತಿಗೆ ಕೊರತೆಯಿಲ್ಲ.

ಆದರೂ ಅನೇಕ ಟ್ರಸ್ಟುಗಳ ವಾರ್ಷಿಕ ಜಮಾ-ಖರ್ಚಿನ ಪಟ್ಟಿಯಲ್ಲಿ ಔಷಧದಾನದ ಕಲಮು ಕಾಣಿಸುವುದಿಲ್ಲ. ಕಾಣಿಸಿದರೂ ಎದುರಿಗಿರುವ ಮೊತ್ತ ಮೈಕಿನ ಬಾಡಿಗೆಗಿಂತ ಕಡಮೆ. ಪಂಚಕಲ್ಯಾಣದಲ್ಲಿ ಕಲಶದ ಸವಾಲು ಕೂಗುವಾಗ ಲಕ್ಷದಿಂದ ಲಕ್ಷಕ್ಕೆ ಏರುವ ದನಿ, ಆಸ್ಪತ್ರೆಯ ಮುಂಗಡ ಕಟ್ಟಲಾಗದೆ ಹೆಂಡತಿಯ ಕೊರಳಿನ ಸರವನ್ನು ಒತ್ತೆಯಿಡಲು ಹೊರಟ ತಂದೆಯ ಎದುರು ಮೌನವಾಗುತ್ತದೆ. ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ: ದೇವರಿಗೆ ಅರ್ಪಿಸಿದ ದ್ರವ್ಯ ನಿರ್ಮಾಲ್ಯ, ಅದನ್ನು ಲೌಕಿಕ ಕಾರ್ಯಕ್ಕೆ ಬಳಸಬಾರದು ಎಂದು. ಆಕ್ಷೇಪಣೆ ಶಾಸ್ತ್ರೀಯವಾಗಿದೆ, ಅದನ್ನು ಗೌರವಿಸಬೇಕು. ನಿರ್ಮಾಲ್ಯವನ್ನು ಯಾರೂ ಮುಟ್ಟುವುದು ಬೇಡ. ಔಷಧದಾನಕ್ಕೆ ಬೇರೆಯೇ ಹುಂಡಿ, ಬೇರೆಯೇ ಖಾತೆ ತೆರೆಯಲು ಯಾವ ಶಾಸ್ತ್ರ ಅಡ್ಡಿ ಬರುತ್ತದೆ? ಆ ಖಾತೆ ತೆರೆಯದಿರುವುದಕ್ಕೆ ನಿರ್ಮಾಲ್ಯದ ನೆಪ ಸಲ್ಲದು.

ದೊಡ್ಡ ಆಸ್ಪತ್ರೆ ಕಟ್ಟುವುದು ಸರ್ಕಾರದ ಹೊಣೆ. ಉತ್ತರ ಕನ್ನಡದ ಜನ ಅದಕ್ಕಾಗಿ ಕೇಳುತ್ತಿರುವ ಪ್ರಶ್ನೆಯ ಜೊತೆ ಜೈನರೂ ದನಿಗೂಡಿಸಬೇಕು. ಅದಾಗುವವರೆಗೆ ಟ್ರಸ್ಟುಗಳ ಕೈಯಳತೆಯಲ್ಲಿಯೇ ಇರುವ ಕೆಲಸಗಳಿವೆ. ಹುಬ್ಬಳ್ಳಿಯಲ್ಲಿ ಆಸ್ಪತ್ರೆಯ ಸಮೀಪ ನಾಲ್ಕು ಕೋಣೆ ಬಾಡಿಗೆಗೆ ಹಿಡಿದು, ಮಗುವನ್ನು ಕಾಯುವವರಿಗೆ ಸ್ನಾನಕ್ಕೂ ಮೂರು ಗಂಟೆಯ ನಿದ್ದೆಗೂ ಬಿಟ್ಟುಕೊಡಬಹುದು. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ 1974ರಲ್ಲಿ ಮಕ್ಕಳ ಆಸ್ಪತ್ರೆಯ ಬಳಿ ಒಂದೇ ಮನೆಯಿಂದ ಆರಂಭವಾದ ಇಂತಹ ವ್ಯವಸ್ಥೆ ಇಂದು ಅನೇಕ ದೇಶಗಳಲ್ಲಿದೆ. ಧರ್ಮಶಾಲೆಯೆಂಬುದು ಜೈನರಿಗಂತೂ ಹೊಸ ಕಲ್ಪನೆಯಲ್ಲ. ರಾತ್ರಿಭೋಜನ ತ್ಯಾಗದ ನಿಯಮವುಳ್ಳ ತಾಯಿಗೆ ವೈದ್ಯರ ಕರೆಗಾಗಿ ಕಾದು ಕಾದು ಸೂರ್ಯಾಸ್ತ ಮೀರಿ, ಇಡೀ ದಿನ ನಿರಾಹಾರವಾಗುತ್ತದೆ. ಐದು ಗಂಟೆಯೊಳಗೆ ಒಂದು ಡಬ್ಬಿ ಊಟವನ್ನು ಬಾಗಿಲಿಗೆ ತಲುಪಿಸುವುದು ದೊಡ್ಡ ಖರ್ಚಿನ ಬಾಬಲ್ಲ. ಆ ಡಬ್ಬಿ ಪಕ್ಕದಲ್ಲಿ ಕುಳಿತ ಹವ್ಯಕರ, ನಾಯ್ಕರ, ಮುಸಲ್ಮಾನರ ತಾಯಿಗೂ ಸಲ್ಲಬೇಕು. ಕರುಣಾದಾನಕ್ಕೆ ಪಾತ್ರಾಪಾತ್ರದ ವಿಚಾರಣೆಯಿಲ್ಲ.

ಕಾಗದಪತ್ರ ಬಲ್ಲ ಒಬ್ಬ ನಿವೃತ್ತ ಶ್ರಾವಕನ ದಿನಕ್ಕೆ ಎರಡು ಗಂಟೆಯೂ ದಾನವೇ. ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಯವರೆಗೆ ನಗದಿಲ್ಲದ ಚಿಕಿತ್ಸೆ ನೀಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದಿದೆ. ರಾಜ್ಯದ್ದೂ ಆರೋಗ್ಯ ಯೋಜನೆಗಳಿವೆ. ಮಗುವಿನ ಸ್ಥಿತಿ ನೋಡಿ ದಿಕ್ಕೆಟ್ಟ ತಂದೆಗೆ ಯಾವ ಕಿಟಕಿಯಲ್ಲಿ ಏನು ಕೇಳಬೇಕೆಂಬುದು ತಿಳಿದಿರುವುದಿಲ್ಲ; ತಿಳಿದವನು ಪಕ್ಕದಲ್ಲಿ ನಿಲ್ಲಬೇಕು. ರಕ್ತ ಕೊಡುವವರ ಪಟ್ಟಿಯೊಂದು ಪ್ರತಿ ಬಸದಿಯಲ್ಲಿ ಇರಬೇಕು. 2008ರಿಂದ ಓಡುತ್ತಿರುವ 108ರ ವಾಹನ ಬರುವವರೆಗೆ ಗಾಯಾಳುವಿನ ಕತ್ತು ಅಲುಗದಂತೆ ಹಿಡಿಯಬೇಕು, ರಕ್ತ ಸೋರುವಲ್ಲಿ ಬಟ್ಟೆಯಿಂದ ಒತ್ತಬೇಕು ಎಂಬುದನ್ನು ಯುವಕ ಮಂಡಲಗಳಿಗೆ ಕಲಿಸಬೇಕು. ಸಹಾಯಕ್ಕೆ ಹೋದರೆ ಪೊಲೀಸರ ಕಾಟವೆಂಬ ಹಳೆಯ ಭಯಕ್ಕೂ ಈಗ ಆಧಾರವಿಲ್ಲ. ಮೋಟಾರು ವಾಹನ ಕಾಯಿದೆಯ 134ಎ ಕಲಮು ಗಾಯಾಳುವಿಗೆ ಸದ್ಭಾವನೆಯಿಂದ ನೆರವಾದವನಿಗೆ ರಕ್ಷಣೆ ಕೊಟ್ಟಿದೆ. ದಾರಿಯಲ್ಲಿ ಬಿದ್ದ ಮಗುವನ್ನು ಕಂಡೂ ಕಾಣದಂತೆ ಹೋದವನು ಇನ್ನು ಕಾನೂನಿನ ನೆಪ ಹೇಳುವಂತಿಲ್ಲ.

ದಶಲಕ್ಷಣ ಪರ್ವದಲ್ಲಿ ಉತ್ತಮ ತ್ಯಾಗದ ದಿನದಂದು ಪ್ರತಿ ಬಸದಿಯಲ್ಲಿ ದಾನದ ಮಹಿಮೆಯನ್ನು ಓದಲಾಗುತ್ತದೆ. ಬರುವ ವರ್ಷ ಆ ಓದು ಮುಗಿದ ಮೇಲೆ ಟ್ರಸ್ಟಿನ ಅಧ್ಯಕ್ಷರು ಎದ್ದು ನಿಂತು, ಔಷಧದಾನದ ಖಾತೆಯಲ್ಲಿ ಎಷ್ಟು ಜಮೆಯಾಯಿತು, ಎಷ್ಟು ರಾತ್ರಿ ಎಷ್ಟು ಜನರಿಗೆ ಕೋಣೆ ದೊರೆಯಿತು, ಎಷ್ಟು ಮಕ್ಕಳಿಗೆ ಹೆಲ್ಮೆಟ್ ಕೊಡಲಾಯಿತು ಎಂಬ ಮೂರು ಸಂಖ್ಯೆಗಳನ್ನು ಓದಿ ಹೇಳಲಿ. ಹೇಳಲು ಸಂಖ್ಯೆಯಿಲ್ಲದಿದ್ದರೆ ಸೊನ್ನೆಯೆಂದೇ ಸಭೆಗೆ ತಿಳಿಸಲಿ.

ಹುಬ್ಬಳ್ಳಿಯ ಆ ಮೊಗಸಾಲೆಯಲ್ಲಿ ಬೆಳಗಿನ ಐದು ಗಂಟೆಗೆ ನೆಲ ಒರೆಸುವವರು ಬಂದು ಎಲ್ಲರನ್ನೂ ಎಬ್ಬಿಸುತ್ತಾರೆ. ಹುಲಗೋಳದ ಕಡೆಯ ತಂದೆ ಲಕೋಟೆಯನ್ನು ಎದೆಗವಚಿಕೊಂಡು ಎದ್ದು, ಒದ್ದೆ ನೆಲ ಆರುವವರೆಗೆ ನಿಂತೇ ಇರುತ್ತಾನೆ. ವೈದ್ಯರು ಬರಲು ಇನ್ನೂ ನಾಲ್ಕು ಗಂಟೆಯಿದೆ. ಅಷ್ಟು ಹೊತ್ತಿಗೆ ಅವನನ್ನು ನೋಡಲು ಹೊರಡುವ ಶ್ರಾವಕನು ಪೂರ್ವಕರ್ಮದ ಮಾತನ್ನು ಮನೆಯಲ್ಲಿಯೇ ಬಿಟ್ಟು, ಒಂದು ಲೋಟ ಬಿಸಿ ಹಾಲನ್ನೂ ಮಲಗಲು ಒಂದು ಕೋಣೆಯ ಬೀಗದಕೈಯನ್ನೂ ತೆಗೆದುಕೊಂಡು ಹೋಗಲಿ.